ಲಾಂಗ್ ಜಂಪ್ ಮಕ್ಕಳ ವಿಡಿಯೊ ತೆಗೆಯುವುದು ಹೇಗೆ? ಫೋನ್ ಸಾಕಾ, ಕ್ಯಾಮೆರಾ ಬೇಕಾ?

ಪಿಇ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಲಾಂಗ್ ಜಂಪ್ ಮಾಡುವ ಕೆಲವು ಮಕ್ಕಳಿದ್ದಾರೆ. ಅವರಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಓಟದಲ್ಲಿ ಎಲ್ಲರಿಗಿಂತ ಮುಂದೆ, ತಾಲ್ಲೂಕಿನಲ್ಲಿ 100 ಮೀಟರ್ ಅವಳದೇ, ಆದರೆ ಮರಳಿನ ಪಿಟ್ ಹತ್ತಿರ ಬಂದರೆ ಅವಳಿಗಿಂತ ನಿಧಾನ ಓಡುವವರು ಅವಳಿಗಿಂತ ದೂರ ಹಾರುತ್ತಾರೆ. ಹಾರುವಾಗ ಕೊನೆಗೆ ಕಾಲಿಡುವ ಬೋರ್ಡ್ ಹತ್ತಿರ ಏನೋ ಆಗುತ್ತಿದೆ. ಏನು ಅಂತ ಕಣ್ಣಿಗೆ ಸಿಗುತ್ತಿಲ್ಲ. ಕೈ ಬೀಸುವುದು ಸರಿಯಿಲ್ಲ ಅನ್ನಿಸುತ್ತದೆ, ಖಾತ್ರಿ ಇಲ್ಲ.

ನನ್ನ ಹತ್ತಿರ ಇರುವುದು ಹದಿನೈದು ಸಾವಿರದ ಒಳಗಿನ ಆಂಡ್ರಾಯ್ಡ್ ಫೋನ್. ಪಿಟ್ ಪಕ್ಕದಲ್ಲೇ ನಿಂತು, ಅವಳು ಓಡಿದ ಕಡೆಗೆ ಫೋನ್ ತಿರುಗಿಸುತ್ತಾ ತೆಗೆದೆ. ನಿಲ್ಲಿಸಿ ನೋಡಿದರೆ ಕಾಲಿನ ಜಾಗದಲ್ಲಿ ಬರೀ ಮಸುಕು. ಬೋರ್ಡ್ ಮೇಲೆ ಕಾಲಿರುವುದು ಮೂರೇ ಫ್ರೇಮಿನಲ್ಲಿ, ಅಂದರೆ ವಿಡಿಯೊದ ಮೂರೇ ಬಿಡಿ ಚಿತ್ರಗಳಲ್ಲಿ. ಹಳೇ ವಿದ್ಯಾರ್ಥಿಯೊಬ್ಬರು ಶಾಲೆಗೆ ಒಂದು ಕ್ಯಾಮೆರಾ ಕೊಡಿಸುತ್ತೇನೆ ಅನ್ನುತ್ತಿದ್ದಾರೆ. ತೆಗೆದುಕೊಳ್ಳಲಾ? ಎಲ್ಲಿ ನಿಂತು ತೆಗೆಯಬೇಕು, ಯಾವ ಆ್ಯಪ್‌ನಲ್ಲಿ ನೋಡಬೇಕು? ಆಮೇಲೆ ಅದನ್ನು ಮಕ್ಕಳಿಗೆ ತೋರಿಸಬೇಕಾ ಬೇಡವಾ? ಗೊತ್ತಿರುವವರು ಬಿಡಿಸಿ ಹೇಳಿ.

ಸ್ಲೋಮೋ:

ಮೇಷ್ಟ್ರೇ, ಕ್ಯಾಮೆರಾ ಸದ್ಯಕ್ಕೆ ಬೇಡ. ಆ ದುಡ್ಡಲ್ಲಿ ಒಂದು ಗಟ್ಟಿ ಟ್ರೈಪಾಡ್, 30 ಮೀಟರ್ ಟೇಪ್, ಒಂದಷ್ಟು ಕೋನ್ ತರಿಸಿ, ಉಳಿದದ್ದರಲ್ಲಿ ಮಕ್ಕಳಿಗೆ ಶೂ ಕೊಡಿಸಿ. ನಾನು ಬೆಂಗಳೂರಿನಲ್ಲಿ ಅಥ್ಲೀಟ್‌ಗಳ ವಿಡಿಯೊ ತೆಗೆಯುವ ಕೆಲಸವನ್ನೇ ಮಾಡುತ್ತೇನೆ, ಮುಕ್ಕಾಲು ಪಾಲು ಕೆಲಸ ಫೋನಿನಲ್ಲೇ ಆಗುತ್ತದೆ.

ಮೊದಲು ನಿಮ್ಮ ಮಸುಕಿನ ವಿಷಯ. ಆ ವಯಸ್ಸಿನ ಚುರುಕು ಹುಡುಗಿ ಬೋರ್ಡ್ ಹತ್ತಿರ ಸೆಕೆಂಡಿಗೆ ಹೆಚ್ಚುಕಮ್ಮಿ 7 ಮೀಟರ್ ವೇಗದಲ್ಲಿರುತ್ತಾಳೆ ಅಂದುಕೊಳ್ಳಿ. ಮಾಮೂಲಿ ವಿಡಿಯೊ ಸೆಕೆಂಡಿಗೆ 30 ಫ್ರೇಮ್. ಅಂದರೆ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಅವಳ ಸೊಂಟ 23 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಬೋರ್ಡ್ ಅಗಲವೇ 20 ಸೆಂಟಿಮೀಟರ್! ಕಾಲು ಬೋರ್ಡ್ ಮೇಲಿರುವ ಹೊತ್ತು ಸುಮಾರು 0.12 ಸೆಕೆಂಡ್, ನಿಮಗೆ ಮೂರೇ ಫ್ರೇಮ್ ಸಿಕ್ಕಿದ್ದು ಅದಕ್ಕೇ. ಅದೇ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 120 ಇಟ್ಟರೆ ಹದಿನಾಲ್ಕು ಸಿಗುತ್ತದೆ, 240 ಇಟ್ಟರೆ ಇಪ್ಪತ್ತೆಂಟರ ಹತ್ತಿರ. ನಿಮ್ಮ ಫೋನಿನಲ್ಲಿ 120 ಇದೆಯಾ ನೋಡಿ, ನಿಮ್ಮ ಕೆಲಸಕ್ಕೆ ಅದು ಸಾಕು. 960 ಅಂತ ಬರೆದಿದ್ದರೆ ಅದನ್ನು ನಂಬಬೇಡಿ. ಬಹಳಷ್ಟು ಫೋನುಗಳಲ್ಲಿ ನಡುವಿನ ಫ್ರೇಮುಗಳನ್ನು ಸಾಫ್ಟ್‌ವೇರ್ ತಾನೇ ಊಹಿಸಿ ತುಂಬಿಸುತ್ತದೆ. ಇಲ್ಲದ ಫ್ರೇಮ್ ನೋಡಿ ಮಗುವಿಗೆ ಸಲಹೆ ಕೊಡುವುದು ಬೇಡ ಅಲ್ವಾ.

ಆದರೆ ಫ್ರೇಮ್ ಜಾಸ್ತಿ ಆದ ಮಾತ್ರಕ್ಕೆ ಮಸುಕು ಹೋಗುವುದಿಲ್ಲ. ಮಸುಕಿಗೆ ಕಾರಣ ಶಟರ್, ಅಂದರೆ ಒಂದು ಫ್ರೇಮಿಗೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು. ಒಂದೊಂದು ಫ್ರೇಮಿಗೂ ಶಟರ್ 1/60 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಮೈ 11-12 ಸೆಂಟಿಮೀಟರ್ ಸರಿದಿರುತ್ತದೆ, ಬೀಸುವ ಕಾಲಂತೂ ಇನ್ನೂ ಜಾಸ್ತಿ. 1/1000 ಆದರೆ 7 ಮಿಲಿಮೀಟರ್. ಪ್ರೊ ಮೋಡ್ ಇದ್ದರೆ ಶಟರನ್ನು ನೀವೇ 1/1000 ಇಡಿ. ಇಲ್ಲದಿದ್ದರೆ ಬಿಸಿಲು ನಿಮ್ಮ ಕೆಲಸ ಮಾಡುತ್ತದೆ. ಬೆಳಕು ಚೆನ್ನಾಗಿದ್ದಾಗ ಫೋನ್ ತಾನಾಗಿಯೇ ಶಟರನ್ನು ಚುರುಕು ಮಾಡುತ್ತದೆ, ಆದ್ದರಿಂದ ಸಂಜೆ ಆರರ ಪ್ರಾಕ್ಟೀಸಿನಲ್ಲಿ ತೆಗೆಯಬೇಡಿ, ಬೆಳಗ್ಗೆ ಬಿಸಿಲು ಏರಿದ ಮೇಲೆ ಸೂರ್ಯ ನಿಮ್ಮ ಬೆನ್ನಿಗಿರುವಂತೆ ನಿಂತು ತೆಗೆಯಿರಿ. ಒಳಾಂಗಣದಲ್ಲಿ ತೆಗೆಯುವವರಿಗೆ ಒಂದು ಮಾತು: ನಮ್ಮ ಕರೆಂಟು 50 ಹರ್ಟ್ಸ್, ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, 240ರಲ್ಲಿ ತೆಗೆದರೆ ಪೂರ್ತಿ ವಿಡಿಯೊ ಮಿಣಮಿಣ ಅನ್ನುತ್ತದೆ.

ಇನ್ನು ಜಾಗ. ಪಿಟ್ ಪಕ್ಕದಲ್ಲಿ ನಿಲ್ಲಬೇಡಿ, ದೂರ ಹೋಗಿ. ರನ್‌ವೇಯಿಂದ (ಅವಳು ಓಡಿ ಬರುವ ದಾರಿಯಿಂದ) 12-15 ಮೀಟರ್ ಆಚೆ, ಬೋರ್ಡಿನಿಂದ ಒಂದೆರಡು ಮೀಟರ್ ಹಿಂದಿನ ಜಾಗಕ್ಕೆ ನೇರ ಅಡ್ಡಲಾಗಿ, ಅವಳ ಸೊಂಟದ ಎತ್ತರಕ್ಕೆ ಟ್ರೈಪಾಡ್ ಇಡಿ. ಫೋನ್ ಅಡ್ಡ ಹಿಡಿಯಿರಿ. 0.5 ಅಂತ ಇರುವ ಅಗಲದ ಲೆನ್ಸ್ ಬೇಡವೇ ಬೇಡ, ಅದು ಅಂಚಿನಲ್ಲಿರುವುದನ್ನೆಲ್ಲ ಎಳೆದು ತೋರಿಸುತ್ತದೆ. ಕೊನೆಯ ಮೂರು ಹೆಜ್ಜೆ, ಟೇಕಾಫ್, ಜಿಗಿತದ ಮೊದಲರ್ಧ ಇಷ್ಟು ಚೌಕಟ್ಟಿನಲ್ಲಿ ಬಂದರೆ ಸಾಕು, ಫೋನ್ ತಿರುಗಿಸಬೇಡಿ. ಪರದೆಯ ಮೇಲೆ ಬೋರ್ಡನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಫೋನ್ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಜಿಗಿತದ ನಡುವೆಯೇ ಯಾರದೋ ಕಾಲ್ ಬರುತ್ತದೆ.

ದೂರ ಯಾಕೆ ಅಂತ ಕೇಳಬಹುದು. ಅಳತೆಗೆ ಒಂದು ಮೀಟರ್ ಕೋಲನ್ನು ರನ್‌ವೇಯ ಈಚೆ ಅಂಚಿನಲ್ಲಿ ಇಟ್ಟಿರಿ, ಅವಳು ಮಧ್ಯದಲ್ಲಿ, ಅಂದರೆ 60 ಸೆಂಟಿಮೀಟರ್ ಆಚೆ ಓಡಿದಳು ಅಂದುಕೊಳ್ಳಿ. ಫೋನ್ 5 ಮೀಟರ್‌ನಲ್ಲಿದ್ದರೆ ಅವಳ ಹೆಜ್ಜೆ ಇರುವುದಕ್ಕಿಂತ ಹತ್ತಿರಹತ್ತಿರ ಶೇ 11ರಷ್ಟು ಚಿಕ್ಕದಾಗಿ ಕಾಣುತ್ತದೆ. 15 ಮೀಟರ್‌ನಲ್ಲಿದ್ದರೆ ಶೇ 4ಕ್ಕಿಂತ ಕಡಿಮೆ. ಕೋಲನ್ನು ಅವಳು ಓಡುವ ಗೆರೆಯ ಮೇಲೇ ಇಟ್ಟು ಒಂದು ಸಲ ತೆಗೆದು, ಆಮೇಲೆ ಕೋಲು ತೆಗೆದು ಓಡಿಸಿದರೆ ಇನ್ನೂ ಒಳ್ಳೆಯದು.

ನೋಡಲು ಕಿನೋವಿಯ ಅನ್ನುವ ಸಾಫ್ಟ್‌ವೇರ್ ಸಾಕು. ಉಚಿತ, ವಿಂಡೋಸ್ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಶಾಲೆಯ ಹಳೇ ಕಂಪ್ಯೂಟರಿನಲ್ಲೂ ನಡೆಯಬಹುದು. ಫೋನಿನಿಂದ ಕೇಬಲ್ ಹಾಕಿ ಹಾಕಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ವಿಡಿಯೊ ಥರ ಕಳಿಸಿದರೆ ಹಿಂಡಿ ಹಿಪ್ಪೆ ಮಾಡಿಬಿಡುತ್ತದೆ, ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ.

ಹಳೇ ಜಂಪರ್:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಮೇಷ್ಟ್ರು ಕೇಳಿದ ಮೊದಲ ಪ್ರಶ್ನೆ ಕ್ಯಾಮೆರಾ ಅಲ್ಲ, ಆ ಹುಡುಗಿಯ ವೇಗ ಎಲ್ಲಿ ಹೋಗುತ್ತಿದೆ ಅನ್ನುವುದು. ವಿಡಿಯೊದಿಂದ ಏನು ತಿಳಿಯಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಆಮೇಲೆ ಟ್ರೈಪಾಡ್ ಊರಿ. ಸುಮ್ನೆ ತೆಗೆದ ವಿಡಿಯೊದಲ್ಲಿ ಎಲ್ಲವೂ ತಪ್ಪಾಗಿಯೇ ಕಾಣುತ್ತದೆ. ಕೈ, ತಲೆ, ಮಂಡಿ, ಬೆನ್ನು. ಕೋಚ್ ಹತ್ತು ತಪ್ಪು ಹೇಳುತ್ತಾರೆ, ಮಗು ಮರುದಿನ ಓಡುವುದನ್ನೇ ಮರೆಯುತ್ತದೆ.

ನನ್ನ ಅಂದಾಜಿನಲ್ಲಿ ಕೈ ಅಲ್ಲ ಸರ್. ಗಾಳಿಯಲ್ಲಿ ಕೈ ಹೇಗೆಂದರೆ ಹಾಗೆ ಬೀಸುವುದು ಸಾಮಾನ್ಯವಾಗಿ ನೆಲದ ಮೇಲೆ ಆದ ತೊಂದರೆಯ ಪರಿಣಾಮ, ಮೈ ಬೀಳದಂತೆ ಸಮತೋಲನ ಹುಡುಕುತ್ತಿರುತ್ತದೆ. ಕೊನೆಯ ಎರಡು ಹೆಜ್ಜೆ ನೋಡಿ. ಒಳ್ಳೆಯ ಜಂಪರ್‌ಗಳಲ್ಲಿ ಕೊನೆಯದಕ್ಕಿಂತ ಹಿಂದಿನ ಹೆಜ್ಜೆ ಸ್ವಲ್ಪ ಉದ್ದ, ಅದರಲ್ಲಿ ಸೊಂಟ ಒಂಚೂರು ಇಳಿಯುತ್ತದೆ, ಕೊನೆಯ ಹೆಜ್ಜೆ ಗಿಡ್ಡ ಮತ್ತು ಚುರುಕು. ಶಾಲಾ ಮಕ್ಕಳಲ್ಲಿ ಬಹಳ ಸಲ ಇದು ತಿರುಗಾಮುರುಗಾ. ಬೋರ್ಡ್ ನೋಡುತ್ತಾ ಬರುತ್ತಾರೆ, ಸಿಗುವುದಿಲ್ಲ ಅನ್ನಿಸಿದಾಗ ಕೊನೆಯ ಹೆಜ್ಜೆಯನ್ನು ಎಳೆದು ಹಾಕುತ್ತಾರೆ, ಹಿಮ್ಮಡಿ ಮೈಗಿಂತ ತುಂಬಾ ಮುಂದೆ ಬೀಳುತ್ತದೆ. ಅದು ಬ್ರೇಕ್. ಓಡಿ ಗಳಿಸಿದ್ದೆಲ್ಲ ಅಲ್ಲೇ ಖರ್ಚು.

ನಿಮ್ಮದು ಮಣ್ಣಿನ ರನ್‌ವೇ ಅಲ್ವಾ? ಹಾಗಿದ್ದರೆ ಸಿಂಥೆಟಿಕ್ ಟ್ರ್ಯಾಕಿನವರಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ. ಕೊನೆಯ ಎಂಟು ಮೀಟರನ್ನು ಪೊರಕೆಯಿಂದ ಗುಡಿಸಿ, ಒಂಚೂರು ನೀರು ಚಿಮುಕಿಸಿ, ಓಡಿಸಿ. ಹೆಜ್ಜೆಯ ಗುರುತು ಅಚ್ಚೊತ್ತಿದಂತೆ ಕೂತಿರುತ್ತದೆ. ಒಂದರ ತುದಿಯಿಂದ ಇನ್ನೊಂದರ ತುದಿಗೆ ಟೇಪ್ ಹಿಡಿದು ಅಳೆದು ಬರೆದುಕೊಳ್ಳಿ. ಹಿಮ್ಮಡಿ ಆಳವಾಗಿ ಕೊರೆದು ಮಣ್ಣು ಮುಂದಕ್ಕೆ ತಳ್ಳಿದ್ದರೆ ಅವಳು ಬ್ರೇಕ್ ಹಾಕಿದ್ದಾಳೆ. ಹೆಜ್ಜೆ ಎಷ್ಟು ಅಂತ ನೆಲ ಹೇಳುತ್ತದೆ, ಹೇಗೆ ಅಂತ ವಿಡಿಯೊ ಹೇಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ.

ತೋರಿಸುವ ವಿಚಾರ. ತೋರಿಸಿ, ಆದರೆ ಹಾರಿ ಬಂದ ತಕ್ಷಣ ಫೋನ್ ಮುಖಕ್ಕೆ ಹಿಡಿಯಬೇಡಿ. "ನಿನಗೆ ಹೇಗನ್ನಿಸ್ತು?" ಅಂತ ಮೊದಲು ಕೇಳಿ. ಅವಳು ಹೇಳಲಿ. ಆಮೇಲೆ ಮಾಮೂಲಿ ವೇಗದಲ್ಲಿ ಒಂದು ಸಲ, ಆಮೇಲೆ ನಿಧಾನವಾಗಿ ಒಂದು ಸಲ. ಒಂದು ದಿನಕ್ಕೆ ಒಂದೇ ವಿಷಯ. ಬರೀ ಸ್ಲೋ ಮೋಷನ್ ತೋರಿಸುತ್ತಾ ಹೋದರೆ ಓಟದ ಲಯ ಕಾಣುವುದೇ ಇಲ್ಲ, ಲಾಂಗ್ ಜಂಪ್‌ನಲ್ಲಿ ಲಯವೇ ಮುಖ್ಯ. ಕಣ್ಣು ಮುಚ್ಚಿಕೊಂಡು ವಿಡಿಯೊದ ಸದ್ದು ಕೇಳಿಸಿ ನೋಡಿ, ಕೊನೆಯ ಎರಡು ಹೆಜ್ಜೆಯ ಟಪ್‌ಟಪ್ ಚುರುಕಾಗಿದೆಯಾ ಎಳೆದಿದೆಯಾ ಅಂತ ಮಕ್ಕಳೇ ಹೇಳುತ್ತಾರೆ.

ಇನ್ನೊಂದು. ಜೆಸ್ವಿನ್ ಆಲ್ಡ್ರಿನ್ 2023ರ ಮಾರ್ಚ್‌ನಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ 8.42 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದರು. ಅಂಥ ಜಿಗಿತಗಳನ್ನು ಮಕ್ಕಳಿಗೆ ಖುಷಿಗೆ ತೋರಿಸಿ, ಆಸೆ ಹುಟ್ಟಲಿ. ಅವರ ಚಿತ್ರದ ಪಕ್ಕ ಇವಳ ಚಿತ್ರ ಇಟ್ಟು ಕೋನ ಅಳೆಯಬೇಡಿ. ಹದಿನಾಲ್ಕು ವರ್ಷದ ಮೈಗೂ ಅದಕ್ಕೂ ಹೋಲಿಕೆ ಇಲ್ಲ. ಇವಳದೇ ಒಳ್ಳೆಯ ಜಿಗಿತದ ಪಕ್ಕ ಇವಳದೇ ಕೆಟ್ಟ ಜಿಗಿತ ಇಡಿ. ವ್ಯತ್ಯಾಸ ಅವಳಿಗೇ ಕಾಣುತ್ತದೆ.

ಜಾವೆಲಿನ್ ಅಭಿಮಾನಿ:

ಫೋನ್ ತಿರುಗಿಸುತ್ತಾ ತೆಗೆಯುವುದರ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಫೋನಿನ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಕ್ಷಣಕ್ಕೆ ಹಿಡಿಯುವುದಿಲ್ಲ, ಸಾಲುಸಾಲಾಗಿ ಓದುತ್ತದೆ. ಬೇಗ ತಿರುಗಿಸಿದರೆ ನೆಟ್ಟಗಿರುವ ಕಂಬವೂ ವಾಲಿದಂತೆ ಕಾಣುತ್ತದೆ. ಓಡುವವರ ಬೆನ್ನಿನ ವಾಲು ಅಳೆಯಲು ಹೋದರೆ ಫೋನಿನ ತಪ್ಪನ್ನು ಮಗುವಿನ ತಲೆಗೆ ಕಟ್ಟಿದಂತೆ ಆಗುತ್ತದೆ. 2025ರ ಜುಲೈನಲ್ಲಿ ಕಂಠೀರವದಲ್ಲಿ ನೀರಜ್ ಚೋಪ್ರಾ 86.18 ಮೀಟರ್ ಎಸೆದು ಗೆದ್ದಾಗ ನಾನು ಗ್ಯಾಲರಿಯಲ್ಲಿದ್ದೆ. ನನ್ನ ಫೋನಿನ ವಿಡಿಯೊದಲ್ಲಿ ಜಾವೆಲಿನ್ ಬಿಲ್ಲಿನಂತೆ ಬಾಗಿದೆ. ಕೈ ಬಿಟ್ಟ ಮೇಲೆ ಅದು ನಿಜಕ್ಕೂ ಕಂಪಿಸುತ್ತದೆ, ಆದರೆ ವಿಡಿಯೊದಲ್ಲಿ ಕಾಣುವ ಬಾಗು ಎಷ್ಟು ಜಾವೆಲಿನ್‌ದು ಎಷ್ಟು ಫೋನಿನದು ಅಂತ ಬೇರೆ ಮಾಡಲು ಆಗುವುದಿಲ್ಲ.

ಎಸೆತದವರಿಗೆ ಶಟರ್ ಇನ್ನೂ ಮುಖ್ಯ. ದೊಡ್ಡ ಮಟ್ಟದಲ್ಲಿ ಜಾವೆಲಿನ್ ಕೈ ಬಿಡುವಾಗ ಗಂಟೆಗೆ 100 ಕಿಲೋಮೀಟರ್ ದಾಟಿರುತ್ತದೆ. 1/60 ಶಟರ್ ಆದರೆ ಒಂದೇ ಫ್ರೇಮಿನಲ್ಲಿ ಅರ್ಧ ಮೀಟರಿನ ಹತ್ತಿರ ಗೀರು, 1/1000ದಲ್ಲೂ 3 ಸೆಂಟಿಮೀಟರ್ ಹತ್ತಿರ. ಎಸೆತಕ್ಕೆ ಪಕ್ಕದಿಂದ ಒಂದು, ಹಿಂದಿನಿಂದ ಒಂದು, ಹೀಗೆ ಎರಡು ಕಡೆಯಿಂದ ಬೇಕು. ಮುಂದೆ ಮಾತ್ರ ಯಾವತ್ತೂ ನಿಲ್ಲಬೇಡಿ, ಟ್ರೈಪಾಡ್ ಮೇಲೆ ಫೋನ್ ಬಿಟ್ಟಿದ್ದರೂ ಅದನ್ನು ತರಲು ಯಾರೋ ಒಬ್ಬ ಹುಡುಗ ಎಸೆತದ ನಡುವೆ ಓಡುತ್ತಾನೆ.

ಕ್ರಿಕೆಟ್ ಬೌಲಿಂಗ್ ತೆಗೆಯುವವರಿಗೂ ಹೇಳುತ್ತೇನೆ. ಐಸಿಸಿ ಮಿತಿ 15 ಡಿಗ್ರಿ, ಮೊಣಕೈ ಅದಕ್ಕಿಂತ ಜಾಸ್ತಿ ನೇರವಾಗಬಾರದು. ಒಂದು ಫೋನಿನಿಂದ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಕೈ ತಿರುಗುತ್ತಾ ಬರುವಾಗ ಒಂದೇ ಕಡೆಯಿಂದ ನೋಡಿದರೆ ನೇರ ಕೈಯೂ ಮಡಚಿದಂತೆ ಕಾಣುತ್ತದೆ. ಅದಕ್ಕೇ ಲ್ಯಾಬಿನಲ್ಲಿ ಮೈಮೇಲೆ ಗುರುತು ಅಂಟಿಸಿ ಸುತ್ತಲಿಂದ ಹಲವು ಕ್ಯಾಮೆರಾ ಇಟ್ಟು ಅಳೆಯುತ್ತಾರೆ. ಮೊಬೈಲ್ ನೋಡಿ ಹುಡುಗನಿಗೆ ಚಕ್ಕರ್, ಅಂದರೆ ಬೌಲ್ ಮಾಡದೆ ಚೆಂಡು ಎಸೆಯುವವನು, ಅಂತ ಹಣೆಪಟ್ಟಿ ಕಟ್ಟುವುದು ದೊಡ್ಡ ಅನ್ಯಾಯ.

ಪಿಇ ಮೇಷ್ಟ್ರು:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಮಣ್ಣು ಗುಡಿಸಿ ಅಳೆಯುವುದನ್ನು ನಾಳೆಯೇ ಮಾಡುತ್ತೇನೆ. ಒಂದು ಕೇಳಬೇಕಿತ್ತು. ಬೋರ್ಡ್ ಹತ್ತಿರ ಅವಳ ವೇಗ ನಿಜಕ್ಕೂ ಬೀಳುತ್ತಿದೆಯಾ ಅಂತ ಫೋನಿನಲ್ಲೇ ಅಳೆಯಬಹುದಾ?

ಸ್ಲೋಮೋ:

ಅಳೆಯಬಹುದು, ಚೆನ್ನಾಗಿಯೇ. ಬೋರ್ಡಿನಿಂದ ಹಿಂದಕ್ಕೆ 1 ಮೀಟರ್, 6 ಮೀಟರ್, 11 ಮೀಟರ್ ಹೀಗೆ ಮೂರು ಗುರುತು ಮಾಡಿ. ದೊಡ್ಡ ಕೂಟಗಳ ವಿಶ್ಲೇಷಣೆಯಲ್ಲೂ 11ರಿಂದ 6 ಮತ್ತು 6ರಿಂದ 1 ಮೀಟರ್ ಅಂತಲೇ ಭಾಗ ಮಾಡುತ್ತಾರೆ. ಫೋನ್ 6 ಮೀಟರ್ ಗುರುತಿನ ಎದುರಿಗಿರಲಿ. ಮೂರು ಕಡ್ಡಿ ನೆಡಬೇಕು, ಆದರೆ ರನ್‌ವೇ ಅಂಚಿನಲ್ಲಿ ಗುರುತಿನ ಪಕ್ಕಕ್ಕೇ ಸುಮ್ನೆ ನೆಡಬೇಡಿ. ಒಬ್ಬ ಹುಡುಗನನ್ನು ರನ್‌ವೇ ಮಧ್ಯದಲ್ಲಿ ಗುರುತಿನ ಮೇಲೆ ನಿಲ್ಲಿಸಿ, ನೀವು ಫೋನಿನ ಪರದೆಯಲ್ಲಿ ನೋಡುತ್ತಾ, ಈಚೆ ಅಂಚಿನ ಕಡ್ಡಿ ಅವನ ನಡುಮೈಗೆ ಸರಿಯಾಗಿ ಬರುವವರೆಗೆ ಸರಿಸಿ ನೆಡಿಸಿ. ಪಕ್ಕದ ಎರಡು ಕಡ್ಡಿಗಳು ಸ್ವಲ್ಪ ಒಳಗೆ ಬರುತ್ತವೆ, ಅದು ಸರಿ.

ಸೊಂಟ ಒಂದು ಕಡ್ಡಿ ದಾಟಿದ ಫ್ರೇಮಿನಿಂದ ಇನ್ನೊಂದು ದಾಟಿದ ಫ್ರೇಮಿನವರೆಗೆ ಎಣಿಸಿ. 120ರಲ್ಲಿ ತೆಗೆದು 90 ಫ್ರೇಮ್ ಬಂದರೆ 0.75 ಸೆಕೆಂಡ್, 5 ಮೀಟರಿಗೆ ಅಂದರೆ ಸೆಕೆಂಡಿಗೆ 6.67 ಮೀಟರ್. ಎರಡನೇ ಭಾಗ ಮೊದಲನೆಯದಕ್ಕಿಂತ ತುಂಬಾ ನಿಧಾನ ಆದರೆ ಹಳೇ ಜಂಪರ್ ಹೇಳಿದ್ದೇ ನಡೆಯುತ್ತಿದೆ. ಕಿನೋವಿಯದಲ್ಲಿ ಒಂದು ಎಚ್ಚರ: ಸ್ಲೋ ಮೋಷನ್ ಫೈಲ್ ಹಲವು ಸಲ 30 ಫ್ರೇಮಿನದು ಅಂತ ಉಳಿದಿರುತ್ತದೆ. ತೆಗೆದದ್ದು 120ರಲ್ಲಿ ಅಂತ ನೀವೇ ತಿಳಿಸದಿದ್ದರೆ ಎಲ್ಲ ಸಮಯವೂ ನಾಲ್ಕು ಪಟ್ಟು ಜಾಸ್ತಿ ತೋರಿಸುತ್ತದೆ.

ಹಳೇ ಜಂಪರ್:

ಅಳೆಯಿರಿ, ಆದರೆ ಆ ಅಂಕಿ ನಿಮ್ಮ ನೋಟ್‌ಬುಕ್ಕಿನಲ್ಲೇ ಇರಲಿ ಸರ್. ಒಂಬತ್ತನೇ ತರಗತಿಯ ಮಗುವಿಗೆ 6.67 ಅಂತ ಹೇಳಿದರೆ ಏನು ಮಾಡಬೇಕು ಪಾಪ? ಸ್ಲೋಮೋ ಅವರಿಗೆ ಬೇಜಾರಾಗಬಾರದು, ಶಾಲೆಯ ಮಟ್ಟದಲ್ಲಿ ಅಳತೆ ಜಾಸ್ತಿ ಆಗಿ ಓಟ ಕಡಿಮೆ ಆಗುವುದನ್ನು ನೋಡಿದ್ದೇನೆ.

ಸ್ಲೋಮೋ:

ಬೇಜಾರೇನಿಲ್ಲ ಸರ್. ಮಗುವಿಗೆ ಹೇಳಬೇಡಿ ಅನ್ನುವುದನ್ನು ಒಪ್ಪುತ್ತೇನೆ. ಕೋಚ್‌ಗೆ ಮಾತ್ರ ಬೇಕು. ಇಲ್ಲದಿದ್ದರೆ "ಈಗ ಚುರುಕಾಗಿದೆ" ಅನ್ನುವುದು ನಮ್ಮ ಆಸೆಯಾ ನಿಜವಾ ಅಂತ ತಿಳಿಯುವುದು ಹೇಗೆ? ತಿಂಗಳಿಗೊಮ್ಮೆ ಅದೇ ಜಾಗ, ಅದೇ ಎತ್ತರ, ಅದೇ ಹೊತ್ತು ಹಿಡಿದು ತೆಗೆದರೆ ಸಾಕು.

ಅಥ್ಲೀಟ್ ಅಮ್ಮ:

ಇದರಲ್ಲಿ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ನನ್ನ ಮಗಳು ಹರ್ಡಲ್ಸ್ ಮಾಡುತ್ತಾಳೆ. ಹಿಂದೆ ಹೋಗುತ್ತಿದ್ದ ಒಂದು ತರಬೇತಿ ಕೇಂದ್ರದಲ್ಲಿ ಟೆಕ್ನಿಕ್ ನೋಡಲು ಅಂತ ತೆಗೆದ ಅವಳ ಸ್ಲೋ ಮೋಷನ್ ವಿಡಿಯೊ ಅವರ ಪ್ರಚಾರದ ರೀಲ್ಸ್‌ನಲ್ಲಿ ಬಂತು. ನಮ್ಮನ್ನು ಕೇಳಿರಲಿಲ್ಲ. ಕೆಳಗೆ ಬಂದ ಕಮೆಂಟುಗಳನ್ನು ನೋಡಿ ಅವಳು ಎಷ್ಟೋ ದಿನ ಗ್ರೌಂಡಿಗೆ ಹೋಗಲು ಒಪ್ಪಲಿಲ್ಲ. ತೆಗೆಸಿದ್ದೂ ಸಾಕು, ಈ ಆಟವೂ ಸಾಕು ಅಂದುಬಿಟ್ಟಿದ್ದಳು.

ಮೇಷ್ಟ್ರೇ, ನೀವು ಒಳ್ಳೆಯ ಮನಸ್ಸಿನಿಂದ ಕೇಳುತ್ತಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಪೋಷಕರ ಸಭೆಯಲ್ಲಿ ಒಂದು ತೆಗೆದ ವಿಡಿಯೊ ತೋರಿಸಿ, ಯಾಕೆ ತೆಗೆಯುತ್ತೀರಿ ಅಂತ ಹೇಳಿ, ಬರೆದ ಒಪ್ಪಿಗೆ ತೆಗೆದುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ತುಂಬದವರನ್ನು ಮಕ್ಕಳು ಅಂತಲೇ ನೋಡುತ್ತದೆ, ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಕಾನೂನು ಹಾಗಿರಲಿ, ಹುಡುಗಿಯನ್ನೂ ಕೇಳಿ. ಇವತ್ತು ಬೇಡ ಅಂದರೆ ಬೇಡ, ಕಾರಣ ಕೇಳಬೇಡಿ. ಹಿಂದಿನಿಂದ ತೆಗೆಯಬೇಕಾದರೆ ಯಾಕೆ ಅಂತ ಮೊದಲೇ ಹೇಳಿ, ಜೊತೆಗೆ ಒಬ್ಬರು ಮೇಡಂ ಇರಲಿ. ಫೋನಿನಲ್ಲಿ ಗ್ಯಾಲರಿ ತಾನಾಗಿಯೇ ಎಲ್ಲೆಲ್ಲೋ ಬ್ಯಾಕಪ್ ಆಗುತ್ತದೆ, ಅದನ್ನು ಆಫ್ ಮಾಡಿ. ಟೀಮಿನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ, ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಯಾರ ಕೈಯಲ್ಲೂ ಇರುವುದಿಲ್ಲ. ಅವಳ ವಿಡಿಯೊ ಅವಳ ಮನೆಯವರಿಗೆ ಮಾತ್ರ ಕೊಡಿ.

ಜಾವೆಲಿನ್ ಅಭಿಮಾನಿ:

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಕೆಲಸ ಮುಗಿದ ಮೇಲೆ ಅಳಿಸಿಬಿಡಿ. ಸ್ಲೋ ಮೋಷನ್ ಫೈಲು ಜಾಗವೂ ಬಹಳ ತಿನ್ನುತ್ತದೆ. ಹೇಗೂ ಪ್ರತಿ ಮಗುವಿನದು ತಿಂಗಳಿಗೆ ಒಂದೆರಡು ಒಳ್ಳೆಯದು ಇದ್ದರೆ ಸಾಕಲ್ವಾ.

ಪಿಇ ಮೇಷ್ಟ್ರು:

ಅಥ್ಲೀಟ್ ಅಮ್ಮ ಅವರಿಗೆ ವಿಶೇಷ ಧನ್ಯವಾದ. ಮೊದಲು ಅವಳ ಅಪ್ಪ ಅಮ್ಮನನ್ನು ಶಾಲೆಗೆ ಕರೆಸಿ ಮಾತಾಡಿ, ಒಪ್ಪಿಗೆ ಬರೆಸಿಕೊಂಡು, ಕನ್ನಡ ಮೇಡಂ ಜೊತೆಗಿರುವಾಗಲೇ ತೆಗೆದೆವು. ಅವಳ ಅಮ್ಮನೂ ಬಂದು ನಿಂತಿದ್ದರು.

ಮಣ್ಣು ಗುಡಿಸಿ ಅಳೆದದ್ದು ಹೀಗಿದೆ. ಕೊನೆಯದಕ್ಕಿಂತ ಹಿಂದಿನ ಹೆಜ್ಜೆ 1.78 ಮೀಟರ್, ಕೊನೆಯದು 1.96. ಎಲ್ಲ ಜಿಗಿತದಲ್ಲೂ ಹೆಚ್ಚುಕಮ್ಮಿ ಇಷ್ಟೇ. ಹಿಮ್ಮಡಿಯ ಗುಂಡಿ ಆಳವಾಗಿದೆ, ಮಣ್ಣು ಮುಂದಕ್ಕೆ ಚಿಮ್ಮಿದೆ. 120ರಲ್ಲಿ ತೆಗೆದ ವಿಡಿಯೊ ಸ್ವಚ್ಛವಾಗಿ ಬಂದಿದೆ. ಬೋರ್ಡಿಗೆ ಮೂರು ಹೆಜ್ಜೆ ಇರುವಾಗಲೇ ಗದ್ದ ಕೆಳಗೆ ಹೋಗುತ್ತದೆ, ಕಾಲು ಬೋರ್ಡಿಗೆ ತಾಗುವಾಗ ಮೈ ಪೂರ್ತಿ ಹಿಂದೆ ಇದೆ. ಕೈ ಬೀಸುವುದು ಶುರುವಾಗುವುದು ಅದಾದ ಮೇಲೆ. "ನಿನಗೆ ಹೇಗನ್ನಿಸ್ತು?" ಅಂತ ಕೇಳಿದರೆ, "ಬೋರ್ಡ್ ಸಿಗಲ್ಲ ಅನ್ಸುತ್ರಿ ಸರ್, ಅದಕ್ಕ ಎಳೀತೀನ್ರಿ" ಅಂದಳು. ವಿಡಿಯೊ ನೋಡುವ ಮೊದಲೇ!

ಈಗ ಇದನ್ನು ಸರಿ ಮಾಡುವುದು ಹೇಗೆ? ಓಟ ಶುರು ಮಾಡುವ ಗುರುತನ್ನು ಮುಂದೆ ತರಲಾ?

ಹಳೇ ಜಂಪರ್:

ಹೌದು, ತನ್ನಿ. ಆದರೆ ಈ ವಾರ ಬೇಡ. ಈ ವಾರ ಬೋರ್ಡಿನ ಮೇಲೆ ಮಣ್ಣು ಹರಡಿ ಮುಚ್ಚಿಬಿಡಿ, ಅದರ ಜಾಗದಲ್ಲಿ ಸುಣ್ಣದ ಪುಡಿಯಿಂದ ಒಂದು ಮೀಟರ್ ಅಗಲದ ಪಟ್ಟಿ ಎಳೆಯಿರಿ. ಅದರೊಳಗೆ ಎಲ್ಲಿಂದ ಬೇಕಾದರೂ ಹಾರಲಿ. ಕಣ್ಣು ಪಿಟ್ ಆಚೆಗಿನ ಮರದ ಮೇಲೋ ಗೋಡೆಯ ಮೇಲೋ ಇರಲಿ. ಅರ್ಧ ರನ್ ಅಪ್ (ಹಾರುವ ಮೊದಲಿನ ಓಟ) ಸಾಕು. ಪ್ರತಿ ಜಿಗಿತದ ಮೇಲೆ ಗುಡಿಸಿ ಅಳೆಯಿರಿ, ಕೊನೆಯ ಹೆಜ್ಜೆ ತಾನಾಗಿಯೇ ಗಿಡ್ಡ ಆಗುವುದನ್ನು ನೋಡುತ್ತೀರಿ.

ಕೊನೆಯ ಹೆಜ್ಜೆ ಎಳೆಯುವುದು ನಿಂತ ಮೇಲೆ ಪೂರ್ತಿ ರನ್ ಅಪ್ ಓಡಿಸಿ, ಬೋರ್ಡ್ ಲೆಕ್ಕಕ್ಕೆ ಇಟ್ಟುಕೊಳ್ಳದೆ. ಟೇಕಾಫ್ ಕಾಲು ಸಹಜವಾಗಿ ಎಲ್ಲಿ ಬೀಳುತ್ತದೋ ಅಲ್ಲಿಗೂ ಬೋರ್ಡಿಗೂ ಎಷ್ಟು ಅಂತರವೋ ಅಷ್ಟು ಶುರುವಿನ ಗುರುತನ್ನು ಮುಂದೆ ತನ್ನಿ. ಕೂಟದ ದಿನ ಗಾಳಿ ಎದುರಿದ್ದರೆ ಇನ್ನೊಂದು ಅರ್ಧ ಅಡಿ ಮುಂದೆ, ಹಿಂದಿನಿಂದ ಇದ್ದರೆ ಹಿಂದೆ. ಅಲ್ಲಿಯವರೆಗೆ ಟ್ರೈಪಾಡ್ ಅಲಮಾರಿನಲ್ಲೇ ಇರಲಿ.